ಮುಟ್ಟದೆ ಸಾಕುವ ಕೆಲಸ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಚಿಗರಿ ನೋಡಲು ಟಿಕೆಟ್ ತೆಗೆಸಬೇಕಾಗಿಲ್ಲ. ಹಿಂಗಾರಿ ಜೋಳ, ಕಡಲೆ ಚಿಗುರುವ ಹೊತ್ತಿಗೆ ಅವು ತಾವಾಗಿಯೇ ಎರೆಹೊಲಕ್ಕೆ ಇಳಿಯುತ್ತವೆ. ಭೀಮಾ ದಂಡೆಯವರಿಗೆ ಮೊಸಳೆಯೂ ಹೊಸದಲ್ಲ. 2023ರ ನವೆಂಬರ್‌ನಲ್ಲಿ ಅಫಜಲಪುರ ತಾಲ್ಲೂಕಿನ ಗೊಬ್ಬೂರ (ಬಿ) ಗ್ರಾಮದ ರೈತರು ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಎತ್ತಿನ ಬಂಡಿಯಲ್ಲಿ ಕಟ್ಟಿಕೊಂಡು ವಿದ್ಯುತ್ ಕಚೇರಿಗೇ ಒಯ್ದರು. ರಾತ್ರಿ ಕರೆಂಟ್ ಕೊಟ್ಟರೆ ಕತ್ತಲಲ್ಲಿ ನೀರು ಹಾಯಿಸಲು ಹೋಗುವವರು ಏನನ್ನು ತುಳಿಯಬೇಕಾಗುತ್ತದೆ ಎಂದು ಅಧಿಕಾರಿಗಳಿಗೆ ತೋರಿಸುವುದು ಅವರ ಉದ್ದೇಶವಾಗಿತ್ತು. ಕೊನೆಗೆ ಮೊಸಳೆ ಅರಣ್ಯ ಇಲಾಖೆಯವರ ಕೈ ಸೇರಿತು.

ಇದೇ ಚಿಗರಿ, ಇದೇ ಮೊಸಳೆ ಕಲಬುರಗಿಯ ಪಬ್ಲಿಕ್ ಗಾರ್ಡನ್‌ನ ಕಿರು ಮೃಗಾಲಯದಲ್ಲಿ ಕಂಡಾಗ ಹಳ್ಳಿಯಿಂದ ಬಂದವರಿಗೆ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ಮೇವು ಹಾಕಿ, ನೀರು ಕುಡಿಸಿ, ಸಗಣಿ ಬಳಿಯುವ ಕೆಲಸಕ್ಕೆ ವೈದ್ಯರು, ಪಾಲಕರು, ದಫ್ತರು, ದಿಲ್ಲಿಯ ಪ್ರಾಧಿಕಾರದ ಅನುಮತಿ ಎಲ್ಲ ಯಾಕೆ ಬೇಕು? ಮನೆಯಲ್ಲಿ ಎಮ್ಮೆ ಕಟ್ಟಿದವರು ಕೇಳುವ ಪ್ರಶ್ನೆಯಾದ್ದರಿಂದ ಅದಕ್ಕೆ ಸರಿಯಾದ ಉತ್ತರ ಸಿಗಬೇಕು.

ಎಮ್ಮೆಗೆ ಮೈ ಬಿಸಿಯಾದರೆ ಕಿವಿ ಮುಟ್ಟಿದರೆ ಸಾಕು, ಗೊತ್ತಾಗುತ್ತದೆ. ಬಾಯಿ ತೆರೆಸಿ ನೋಡಬಹುದು, ನಾಲ್ಕು ಜನ ಸೇರಿ ಕೆಡವಿ ಔಷಧ ಹೊಯ್ಯಬಹುದು. ಕಾಡುಪ್ರಾಣಿಗೆ ಈ ಯಾವುದೂ ನಡೆಯದು. ಅದು ಮನುಷ್ಯನ ಕೈಯನ್ನು ಬೇಟೆಗಾರನ ಹಲ್ಲೆಂದೇ ತಿಳಿಯುತ್ತದೆ. ಮೇಲಾಗಿ ರೋಗವನ್ನು ಬಚ್ಚಿಡುತ್ತದೆ. ಬಯಲಿನಲ್ಲಿ ಸೋತಂತೆ ಕಂಡ ಚಿಗರಿಯ ಮೇಲೇ ತೋಳದ ಕಣ್ಣು ಬೀಳುವುದರಿಂದ, ನಿಲ್ಲಲು ಶಕ್ತಿ ಇರುವವರೆಗೂ ಅದು ಗಟ್ಟಿಯಾಗಿಯೇ ನಿಲ್ಲುತ್ತದೆ. ಮಲಗಿದ್ದು ನಮಗೆ ಕಂಡಾಗ ಬಹಳ ಸಲ ಹೊತ್ತು ಮೀರಿರುತ್ತದೆ. ಆದ್ದರಿಂದ ಮೃಗಾಲಯದ ಕೆಲಸವೆಲ್ಲ ಮುಟ್ಟದೆ ತಿಳಿಯುವುದು, ಮುಟ್ಟದೆ ಸಾಕುವುದು ಎಂಬ ಒಂದೇ ಬಿಕ್ಕಟ್ಟಿನ ಸುತ್ತ ಕಟ್ಟಿದ್ದು.

ಪಾಲಕನ ದಿನ ಗೇಟು ತೆರೆಯುವುದಕ್ಕೆ ಬಹಳ ಮೊದಲೇ ಶುರುವಾಗುತ್ತದೆ. ನಿನ್ನೆ ಹಾಕಿದ ಮೇವಿನಲ್ಲಿ ಉಳಿದದ್ದೆಷ್ಟು, ಹಿಕ್ಕೆ ಕಾಳುಕಾಳಾಗಿದೆಯೋ ಮೆತ್ತಗಾಗಿದೆಯೋ, ಹಿಂಡಿನಿಂದ ದೂರ ನಿಂತಿರುವುದು ಯಾವುದು ಎಂದು ಮೊದಲು ನೋಡುತ್ತಾನೆ. ಬಳಿಯುವ ಮುಂಚೆ ಹಿಕ್ಕೆಯನ್ನು ಓದಬೇಕು. ಅದರ ಮಾದರಿ ಸೂಕ್ಷ್ಮದರ್ಶಕದಡಿ ಹೋದರೆ ಜಂತಿನ ಮೊಟ್ಟೆಗಳು ಕಾಣುತ್ತವೆ, ಪ್ರಾಣಿಯನ್ನು ಹಿಡಿಯದೆಯೇ ಅದರ ಹೊಟ್ಟೆಯ ಸುದ್ದಿ ಸಿಗುತ್ತದೆ. ಕಂಡದ್ದೆಲ್ಲ ದಿನಚರಿ ಪುಸ್ತಕಕ್ಕೆ ಏರುತ್ತದೆ. ಈ ಪುಸ್ತಕ ಬರಿಯ ಕಚೇರಿಯ ಕಾಗದವಲ್ಲ. ‘ಎರಡು ದಿನದಿಂದ ಹಿಂಡಿ ಮುಟ್ಟಿಲ್ಲ’ ಎಂಬ ಒಂದು ಸಾಲು ವೈದ್ಯರಿಗೆ ಎಷ್ಟೋ ಸಲ ಮೊದಲ ಸುಳಿವು. ನನ್ನ ಮಟ್ಟಿಗೆ, ಮೃಗಾಲಯದಲ್ಲಿ ಎಲ್ಲಕ್ಕಿಂತ ದೊಡ್ಡ ಉಪಕರಣವೆಂದರೆ ಒಂದೇ ಆವರಣದಲ್ಲಿ ವರ್ಷಗಟ್ಟಲೆ ದುಡಿದ ಪಾಲಕನ ಕಣ್ಣು. ಅವನಿಗೆ ಸಿಗುವ ಸಂಬಳ ಮತ್ತು ಮರ್ಯಾದೆ ಎರಡೂ ಆ ಕಣ್ಣಿನ ಬೆಲೆಗೆ ತಕ್ಕಂತಿರಬೇಕು.

ಚಿರತೆಯಂಥ ಮಾಂಸಾಹಾರಿಗಳಿಗೆ ಹಿಂಭಾಗದಲ್ಲಿ ಇರುಳುಕೋಣೆ ಇರುತ್ತದೆ. ಊಟ ಅಲ್ಲೇ. ಸಂಜೆ ಊಟದ ಆಸೆಗೆ ಒಳಬಂದಾಗ ಹೊರಗಿನಿಂದಲೇ ತಂತಿ ಎಳೆದು ಬಾಗಿಲು ಮುಚ್ಚುತ್ತಾರೆ, ಆಮೇಲೆ ಬಯಲು ಆವರಣ ಗುಡಿಸುತ್ತಾರೆ. ಪ್ರಾಣಿ ಮತ್ತು ಪಾಲಕ ಎಂದೂ ಒಂದೇ ಕೋಣೆಯಲ್ಲಿರಬಾರದು ಎಂಬುದು ಮೊದಲ ನಿಯಮ. ಬೀಗ ಹಾಕಿದ ಮೇಲೂ ಎಳೆದು ನೋಡುವುದು ಎರಡನೆಯದು. ವಾರಕ್ಕೊಂದು ದಿನ ಸಾಮಾನ್ಯವಾಗಿ ಉಪವಾಸ, ಕಾಡಿನಲ್ಲೂ ದಿನಾ ಬೇಟೆ ಸಿಗುವುದಿಲ್ಲವಲ್ಲ. ಮೊಸಳೆಗೆ ಇನ್ನೂ ಕಡಿಮೆ. ಚಳಿ ಬಿದ್ದರೆ ಅದರ ಮೈ ತಣ್ಣಗಾಗಿ ಜೀರ್ಣಶಕ್ತಿ ಕುಗ್ಗುತ್ತದೆ, ಹಾಕಿದ ಮೀನು ಹಾಗೇ ಬಿದ್ದಿರುತ್ತದೆ. ಅದನ್ನು ತೆಗೆಯದಿದ್ದರೆ ಕೊಳದ ನೀರು ಕೆಡುತ್ತದೆ.

ಈ ದೂರದ ಸಾಕಣೆಯ ಕಷ್ಟ ಎಷ್ಟೆಂದು ಇಡೀ ರಾಜ್ಯಕ್ಕೆ ತಿಳಿದದ್ದು 2025ರ ನವೆಂಬರ್‌ನಲ್ಲಿ. ಬೆಳಗಾವಿ ಬಳಿಯ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 30ಕ್ಕೂ ಹೆಚ್ಚು ಕೃಷ್ಣಮೃಗಗಳು, ಅಂದರೆ ನಮ್ಮ ಚಿಗರಿಗಳು, ಸತ್ತುಹೋದವು. ಕಾರಣ ಗಳಲೆ ರೋಗ. ದನ ಸಾಕಿದ ಯಾರಿಗೂ ಇದನ್ನು ವಿವರಿಸಿ ಹೇಳಬೇಕಿಲ್ಲ. ಜ್ವರ, ಗಂಟಲ ಬಾವು, ಉಸಿರಾಟದ ಕಷ್ಟ, ಒಂದೆರಡು ದಿನದಲ್ಲಿ ಸಾವು. ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಎಷ್ಟೋ ಪ್ರಾಣಿಗಳ ಗಂಟಲಲ್ಲಿ ಸುಮ್ಮನೆ ಇರುತ್ತದೆ. ಹವೆ ಬದಲಾಗಿ ಅಥವಾ ಬಳಲಿಕೆಯಿಂದ ಮೈ ಸೋತಾಗ ಎದ್ದು ಬರುತ್ತದೆ.

ಹಳ್ಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಎಮ್ಮೆಗಳಿಗೆ ಚುಚ್ಚುಮದ್ದು ಹಾಕಿಸುತ್ತೇವೆ. ಚಿಗರಿಗಳಿಗೂ ಹಾಗೇ ಹಾಕಬಾರದೇ? ಇಲ್ಲೇ ಗಂಟು ಬೀಳುವುದು. ಅಟ್ಟಿಸಿಕೊಂಡು ಹೋದ ಚಿಗರಿ ಜೀವಭಯದಿಂದ ಓಡುತ್ತದೆ. ಮೈ ಕಾದು, ಸ್ನಾಯುಗಳಲ್ಲಿ ಆಮ್ಲ ತುಂಬಿ, ಸ್ನಾಯುವಿನ ನಾರುಗಳೇ ಒಡೆಯತೊಡಗುತ್ತವೆ. ಒಡೆದ ನಾರಿನ ಕಸ ರಕ್ತಕ್ಕಿಳಿದು ಮೂತ್ರಪಿಂಡ ಕೆಡಿಸುತ್ತದೆ. ಹಿಡಿದಾಗ ಚೆನ್ನಾಗಿದ್ದ ಪ್ರಾಣಿ ಕೆಲವು ತಾಸು ಇಲ್ಲವೇ ಕೆಲವು ದಿನ ಬಿಟ್ಟು ಕುಸಿದು ಸಾಯಬಹುದು. ವೈದ್ಯರು ಇದನ್ನು ಕ್ಯಾಪ್ಚರ್ ಮಯೋಪತಿ ಎನ್ನುತ್ತಾರೆ. ಬೀದಿನಾಯಿ ಒಂದು ರಾತ್ರಿ ಆವರಣಕ್ಕೆ ನುಗ್ಗಿ ಅಟ್ಟಾಡಿಸಿದರೂ, ಕಚ್ಚದಿದ್ದರೂ, ಇದೇ ಗತಿ ಆಗಬಹುದು. ಹೀಗಾಗಿ ಪ್ರತಿ ಚುಚ್ಚುಮದ್ದಿಗೂ ವೈದ್ಯರು ಎರಡು ಅಪಾಯಗಳನ್ನು ತೂಗಬೇಕಾಗುತ್ತದೆ.

ಅದಕ್ಕೇ ರೋಗ ಒಳಬರದಂತೆ ನೋಡುವುದಕ್ಕೆ ಅಷ್ಟು ಮಹತ್ವ. ಆವರಣದ ಬಾಗಿಲಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿದ ನೇರಳೆ ನೀರಿನ ತೊಟ್ಟಿ, ಅದರಲ್ಲಿ ಕಾಲಿಟ್ಟೇ ಒಳಹೋಗಬೇಕು. ಬೇರೆ ಕಡೆಯಿಂದ ಬಂದ ಪ್ರಾಣಿ ಸಾಮಾನ್ಯವಾಗಿ 30 ದಿನ ಒಂಟಿಯಾಗಿ ಬೇರೆ ಕೊಟ್ಟಿಗೆಯಲ್ಲಿ ಇರಬೇಕು. ಹಸಿಮೇವು ಎಲ್ಲಿಂದ ಬಂತು, ಅಲ್ಲಿಯ ದನಗಳಿಗೆ ಬೇನೆ ಇತ್ತೇ ಎಂಬುದೂ ಗೊತ್ತಿರಬೇಕು. ಸತ್ತ ಪ್ರಾಣಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ. ಸತ್ತದ್ದನ್ನು ಕೊಯ್ದು ತಿಳಿದುಕೊಂಡದ್ದೇ ಉಳಿದವುಗಳ ಮದ್ದು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಬಂದ ಮೇಲೆ ಇಂಥ ಕ್ರಮಗಳು ದೇಶದ ಎಲ್ಲ ಮೃಗಾಲಯಗಳಿಗೂ ಕಟ್ಟುಪಾಡಾದವು. ಕರ್ನಾಟಕದಲ್ಲಿ 1979ರಿಂದಲೇ ರಾಜ್ಯದ ಮೃಗಾಲಯ ಪ್ರಾಧಿಕಾರವಿದೆ, 1892ರಲ್ಲಿ ಹುಟ್ಟಿದ ಮೈಸೂರು ಮೃಗಾಲಯವೂ ಅದರಡಿಯಲ್ಲೇ ನಡೆಯುತ್ತದೆ.

ಕಲಬುರಗಿಗೆ ಇನ್ನೊಂದು ಕಷ್ಟವಿದೆ, ಬಿಸಿಲು. ಏಪ್ರಿಲ್, ಮೇನಲ್ಲಿ 42–43 ಡಿಗ್ರಿ ಇಲ್ಲಿ ಮಾಮೂಲು. ಆಗ ನೀರು ಚಿಮುಕಿಸಬೇಕು, ತಟ್ಟಿ ಕಟ್ಟಿ ನೆರಳು ಮಾಡಬೇಕು, ಕಲ್ಲಂಗಡಿಯಂಥ ನೀರಿನ ಹಣ್ಣು ಕೊಡಬೇಕು. ತಂಪಿನ ನಾಡಿನ ಪ್ರಾಣಿ ತಂದು ಜನರನ್ನು ಸೆಳೆಯುವ ಆಸೆ ಇಲ್ಲಿ ಬೇಡವೇ ಬೇಡ. ಈ ಬಿಸಿಲಿಗೇ ಹುಟ್ಟಿದ ಚಿಗರಿ, ತೋಳ, ನರಿ, ಮೊಸಳೆಗಳೇ ಈ ಸೀಮೆಯ ಮಕ್ಕಳಿಗೆ ಸಾಲದೇ?

ನಗರದ ನಡುವಿನ ಇಕ್ಕಟ್ಟಿನಿಂದ ಈ ಮೃಗಾಲಯವನ್ನು ಊರಾಚೆಯ ವಿಶಾಲ ಜಾಗಕ್ಕೆ ಒಯ್ಯುವ ಯೋಜನೆ ಇದೆ. ಅಲ್ಲಿ ಪ್ರೇಕ್ಷಕರ ದಾರಿಗಿಂತ ಮೊದಲು ಮರ, ನೀರು, ರೋಗಿಗಳ ಕೊಟ್ಟಿಗೆ ಸಿದ್ಧವಾಗಬೇಕು. ಪ್ರಾಣಿಗಳನ್ನು ಸಾಗಿಸುವುದೂ ಅವಸರದ ಕೆಲಸವಲ್ಲ. ಎಷ್ಟೋ ದಿನ ಮೊದಲೇ ಪೆಟ್ಟಿಗೆಯನ್ನು ಆವರಣದೊಳಗೆ ಇಟ್ಟು, ಎರಡೂ ಬಾಗಿಲು ತೆರೆದು, ಮೇವನ್ನು ಅದರೊಳಗೇ ಹಾಕುತ್ತಾರೆ. ಪ್ರಾಣಿ ಮೊದಲ ದಿನ ದೂರ ನಿಲ್ಲುತ್ತದೆ, ಆಮೇಲೆ ಕತ್ತು ಚಾಚುತ್ತದೆ, ಒಂದು ದಿನ ಪೂರ್ತಿ ಒಳಗೆ ಹೋಗಿ ತಿನ್ನುತ್ತದೆ. ಆಗ ಬಾಗಿಲು ಮುಚ್ಚುತ್ತಾರೆ. ಗಂಡು ಚಿಗರಿಯ ಕೊಂಬಿಗೆ ರಬ್ಬರ್ ಕೊಳವೆ ತೊಡಿಸಿ, ಪೆಟ್ಟಿಗೆಯನ್ನು ಕತ್ತಲಾಗಿಸಿ, ಬಿಸಿಲೇರುವ ಮುಂಚೆಯೇ ಗಾಡಿ ಹೊರಡಿಸುತ್ತಾರೆ.