ಗಣಿತದ ಮಿಶ್ರಪಾಠ

ಕಾಲೇಜುಗಳಲ್ಲಿ ಈಚೆಗೆ ‘ಮಿಶ್ರ ಬೋಧನೆ’ ಎಂಬ ಮಾತು ಬಳಕೆಗೆ ಬಂದಿದೆ. ಪಾಠದ ಒಂದು ಭಾಗವನ್ನು ವಿದ್ಯಾರ್ಥಿಯು ತನ್ನ ಬಿಡುವಿನಲ್ಲಿ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಕೇಳಿ, ಉಳಿದುದನ್ನು ತರಗತಿಯಲ್ಲಿ ಅಧ್ಯಾಪಕರ ಎದುರಿಗೆ ಕಲಿಯುವುದೇ ಈ ಪದ್ಧತಿ. ಮಿಶ್ರವೆಂದೊಡನೆ ನಮ್ಮಂಥ ಪಂಡಿತರಿಗೆ ಅರಿಸಮಾಸದ ನೆನಪಾಗಿ ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಪೂರ್ವಕವಿಗಳ ಪ್ರಯೋಗದಿಂದ ಸಾಧುವೆನಿಸಿದ ಅರಿಸಮಾಸಗಳೂ ಉಂಟಷ್ಟೆ!

ಈ ಮಿಶ್ರಣ ತೀರ ಹೊಸದೂ ಅಲ್ಲ. 1971ರಲ್ಲಿ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವು ಪಾಠವನ್ನಾರಂಭಿಸಿದಾಗ ಗಣಿತವು ಅದರ ಮೊದಲ ವಿಷಯಗಳಲ್ಲೊಂದಾಗಿತ್ತು. ಅಚ್ಚಾದ ಪಾಠಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು, ಬಿ.ಬಿ.ಸಿ.ಯ ರೇಡಿಯೋ, ಟೆಲಿವಿಷನ್ನುಗಳಲ್ಲಿ ಪಾಠಗಳು ಬಿತ್ತರವಾಗುತ್ತಿದ್ದವು. ಅಷ್ಟಕ್ಕೇ ಬಿಡದೆ ಊರೂರಿನಲ್ಲಿ ಬೋಧಕರನ್ನೂ ನೇಮಿಸಿದರು, ಬೇಸಗೆ ಶಿಬಿರಗಳನ್ನೂ ನಡೆಸಿದರು. ಏಕೆ?

ಒಂದು ಲೆಕ್ಕ ನೋಡಿ. ಒಂದು ಮೊತ್ತವು ಬದಲಾಗುವ ದರವನ್ನು ಕಾಣುವುದಕ್ಕೆ ಅವಕಲನವೆಂದು ಹೆಸರು. ಕ್ಷ ವರ್ಗವನ್ನು ಅವಕಲಿಸಿದರೆ ಎರಡು ಕ್ಷ. ಕ್ಷ ಘನವನ್ನು ಅವಕಲಿಸಿದರೆ ಮೂರು ಕ್ಷ ವರ್ಗ. ಈ ವರ್ಗ, ಘನಗಳ ಗುಣಲಬ್ಧವನ್ನು ಅವಕಲಿಸೆಂದರೆ, ಹೊಸ ವಿದ್ಯಾರ್ಥಿಯು ಬಂದ ಉತ್ತರಗಳನ್ನೇ ಗುಣಿಸಿ ಆರು ಕ್ಷ ಘನ ಎಂದುಬಿಡುತ್ತಾನೆ. ಯಂತ್ರವು ‘ತಪ್ಪು’ ಎಂದು ಸಾರಿ ಸೂತ್ರವನ್ನು ಮತ್ತೊಮ್ಮೆ ತೋರಿಸೀತು. ಹುಡುಗ ಅದನ್ನು ಉರು ಹೊಡೆಯುತ್ತಾನೆ. ತನ್ನ ಊಹೆ ಏಕೆ ಸಲ್ಲದೆಂಬುದು ಮಾತ್ರ ತಿಳಿಯದೆಯೇ ಉಳಿಯುತ್ತದೆ. ಬಳಿಯಲ್ಲಿ ನಿಂತ ಅಧ್ಯಾಪಕರಾದರೋ, “ಮೊದಲು ಎರಡನ್ನೂ ಗುಣಿಸಿ ನೋಡಪ್ಪಾ” ಎನ್ನುತ್ತಾರೆ. ಗುಣಿಸಿದರೆ ಕ್ಷದ ಐದನೆಯ ಘಾತ. ಅದನ್ನು ಅವಕಲಿಸಿದರೆ ಕ್ಷದ ನಾಲ್ಕನೆಯ ಘಾತದ ಐದರಷ್ಟು! ತನ್ನ ಕೈಯಿಂದಲೇ ಎರಡು ಉತ್ತರಗಳು ಬಂದುದನ್ನು ಕಂಡು ಹುಡುಗ ಬೆಪ್ಪಾಗುತ್ತಾನೆ. ಸೂತ್ರವನ್ನು ಹೇಳಲು ಅದೇ ಸಮಯ.

ಹಾಗೆಂದು ಹಳೆಯ ಪದ್ಧತಿಯನ್ನೂ ಹೊಗಳಬೇಕಾಗಿಲ್ಲ. ನೂರು ಮಂದಿಗೆ ಬೆನ್ನು ತೋರಿಸಿ ಗಂಟೆಯುದ್ದಕ್ಕೂ ಕರಿಹಲಗೆಯ ಮೇಲೆ ಬರೆಯುವವರಿಗೆ ಈ ಹುಡುಗನ ತಪ್ಪು ಕಾಣುವುದೆಂತು? 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರಿಶೀಲನೆಯು ಕಾಲೇಜು ಮಟ್ಟದ ವಿಜ್ಞಾನ, ಎಂಜಿನಿಯರಿಂಗ್, ಗಣಿತಗಳ ಬೋಧನೆಯನ್ನು ಕುರಿತ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಬರಿಯ ಉಪನ್ಯಾಸ ಕೇಳಿದವರಲ್ಲಿ ನಪಾಸಾದವರು ನೂರಕ್ಕೆ ಸುಮಾರು 34. ತರಗತಿಯಲ್ಲೇ ತಾವಾಗಿ ಕೆಲಸ ಮಾಡಿ ಕಲಿತವರಲ್ಲಿ ಸುಮಾರು 22. ಉಪನ್ಯಾಸವು ಮನೆಗೆ ಹೋದರೆ ತರಗತಿಯ ಹೊತ್ತು ಇಂಥ ಕೆಲಸಕ್ಕೆ ಉಳಿಯುತ್ತದೆ. ಮಿಶ್ರ ಬೋಧನೆಯ ಲಾಭವೆಲ್ಲ ಇಷ್ಟರಲ್ಲೇ ಇದೆಯೆಂದು ನನ್ನ ಎಣಿಕೆ.

ಅಮೆರಿಕದ ವರ್ಜೀನಿಯ ಟೆಕ್ ವಿಶ್ವವಿದ್ಯಾನಿಲಯವು 1997ರಲ್ಲಿ, ಹಿಂದೆ ಅಂಗಡಿಯಾಗಿದ್ದ ವಿಶಾಲವಾದ ಕಟ್ಟಡವೊಂದರಲ್ಲಿ ನೂರಾರು ಕಂಪ್ಯೂಟರುಗಳ ಗಣಿತಶಾಲೆಯನ್ನು ತೆರೆಯಿತು. ತೊಡಕಿಗೆ ಸಿಕ್ಕಿದ ವಿದ್ಯಾರ್ಥಿ ಕಂಪ್ಯೂಟರಿನ ಮೇಲೆ ಕೆಂಪು ಲೋಟವೊಂದನ್ನಿಟ್ಟರೆ ಸಹಾಯಕರು ಬರುವ ಏರ್ಪಾಡು ಅಲ್ಲಿಯದು. ಅಷ್ಟು ಯಂತ್ರಗಳ ನಡುವೆಯೂ ಆ ಲೋಟ ಬೇಕಾಯಿತು!

ನಮ್ಮ ದೇಶದಲ್ಲಿ, ಪ್ರತಿ ವಿಷಯದ ಪಾಠದಲ್ಲಿ ನೂರಕ್ಕೆ 40 ಭಾಗ ಆನ್‌ಲೈನ್ ಆಗಬಹುದೆಂಬ ಕರಡು ಟಿಪ್ಪಣಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರ ಮೇ ತಿಂಗಳಲ್ಲಿ ಪ್ರಕಟಿಸಿತು. ಉಳಿದ 60 ಭಾಗದಲ್ಲಿ ಏನು ನಡೆಯುತ್ತದೆ? ಅಧ್ಯಾಪಕರು ಬೆಂಚುಗಳ ನಡುವೆ ಓಡಾಡುವರೋ, ಇಲ್ಲವೆ ಪಾಠ ಹೇಗೂ ಮೊಬೈಲಿನಲ್ಲಿದೆಯೆಂದು ಅಧ್ಯಾಪಕರ ಸಂಖ್ಯೆಯನ್ನೇ ಇಳಿಸುವರೋ? ಸಿಗ್ನಲ್ ಸಿಗದ ಹಳ್ಳಿಯ ಹುಡುಗಿ ಪಾಠ ಕೇಳುವುದೆಲ್ಲಿ? ಮಕ್ಕಳನ್ನು ಗಣಿತಕ್ಕೆ ಸೇರಿಸುವ ತಂದೆತಾಯಿಗಳು ಪ್ರವೇಶದ ದಿನವೇ ಇದನ್ನು ಕಾಲೇಜಿನವರಲ್ಲಿ ಕೇಳಬಹುದು.