ಅರ್ಜಿಗೆ ಮೊದಲು

ಮಗನ ಪರೀಕ್ಷೆಯು ಮುಗಿದೊಡನೆ ಶಿಫಾರಸಿಗಾಗಿ ಪರಿಚಿತರ ಮನೆಬಾಗಿಲಿಗೆ ಹೊರಡುವ ಗೃಹಸ್ಥರಲ್ಲಿ ನಾವೂ ಒಬ್ಬರಾಗಿದ್ದೆವು. ಮೊದಲು ಮನೆಯ ಪೆಟ್ಟಿಗೆಯನ್ನು ತೆರೆದು ನೋಡಬೇಕೆಂಬ ಬುದ್ಧಿಯು ನಮಗಾಗ ಹೊಳೆಯಲಿಲ್ಲ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮಾತ್ರವಿದ್ದು, ಆಧಾರ್ ಚೀಟಿಯಲ್ಲಿ ಊರಿನ ಅಕ್ಷರವೂ ಸೇರಿದ್ದುದರಿಂದ, ಹುಡುಗನು ಸಂದರ್ಶನದ ಬಾಗಿಲಿನಿಂದಲೇ ಹಿಂದಿರುಗಿದನು. ಆ ರಾತ್ರಿ ಅವನು ಊಟಕ್ಕೇಳಲಿಲ್ಲ; ನಮಗೂ ತುತ್ತು ಇಳಿಯಲಿಲ್ಲ.

ಆದುದರಿಂದ ವಾಚಕರು ಹೆಸರು, ಜನ್ಮದಿನಾಂಕಗಳು ಎಲ್ಲ ಪತ್ರಗಳಲ್ಲಿಯೂ ಅಕ್ಷರಶಃ ಒಂದೇ ಆಗಿವೆಯೇ ಎಂದು ಅರ್ಜಿಗೆ ಮೊದಲೇ ಪರೀಕ್ಷಿಸಬೇಕು. ಅಂಕಪಟ್ಟಿಯನ್ನು ತಿದ್ದಿಸುವುದಕ್ಕಿಂತ ಅದಕ್ಕೆ ಹೊಂದುವಂತೆ ಆಧಾರನ್ನು ತಿದ್ದಿಸುವುದು ಸುಲಭ. ಆದರೆ ಅದರಲ್ಲಿ ಹೆಸರನ್ನು ಸಾಮಾನ್ಯವಾಗಿ 2 ಬಾರಿ, ಜನ್ಮದಿನಾಂಕವನ್ನು 1 ಬಾರಿ ಮಾತ್ರ ಬದಲಿಸಲು ಅವಕಾಶವುಂಟು, ಆತುರವು ಸಲ್ಲದು.

ಇನ್ನು ಕೆಲಸವನ್ನು ಅರಸುವ ಸ್ಥಳ. ಯುದ್ಧದಿಂದ ಮರಳಿದ ಸಿಪಾಯಿಗಳಿಗಾಗಿ 1945ರಲ್ಲಿ ಹುಟ್ಟಿದ ಉದ್ಯೋಗ ವಿನಿಮಯ ಕೇಂದ್ರಗಳು 1948ರಲ್ಲಿ ಸರ್ವರಿಗೂ ತೆರೆದುವು. 2015ರಿಂದ ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣದಲ್ಲಿ ಮನೆಯಲ್ಲಿಯೇ ಕುಳಿತು ಹೆಸರು ದಾಖಲಿಸಬಹುದು, ಶುಲ್ಕವಿಲ್ಲ. ಕೆಲಸ ಕೊಡಿಸುವೆನೆಂದು ಮುಂಗಡ ಬೇಡುವವನಿಗೆ ಕಾಫಿಯನ್ನೂ ಕೊಡಬೇಕಾದುದಿಲ್ಲ.

ನಮ್ಮ ಹುಡುಗನು ಹೆಸರು ತಿದ್ದಿಸಿಕೊಂಡು ಮತ್ತೊಂದು ಅರ್ಜಿಯನ್ನು ಹಾಕಿದ್ದಾನೆ. ಈ ಸಲ ಅವನ ತಾಯಿಯು ಪ್ರತಿಯೊಂದು ಅಕ್ಷರವನ್ನೂ ಬೆರಳಿಟ್ಟು ಓದಿ ಕಳುಹಿಸಗೊಟ್ಟಳು.