ಒದೆತ ತಾಳುವ ಉಕ್ಕಿನ ತಟ್ಟೆ

ಅಮೆರಿಕದ ನ್ಯೂಯಾರ್ಕ್ ರಾಜ್ಯ, ಮೊಹಾಕ್ ನದಿಯ ಕಣಿವೆ. ಹೊರಗೆ ಹಿಮ. ಒಳಗೆ ಕೋವಿ ರಿಪೇರಿಯ ಪುಟ್ಟ ವರ್ಕ್‌ಶಾಪು. ವಾಲ್‌ನಟ್ ಮರದ ಪುಡಿ, ಎಣ್ಣೆ, ಅಂಟು ಮೂರೂ ಬೆರೆತ ವಾಸನೆ. ಬೆಂಚಿನ ಮೇಲೆ ಬಿಚ್ಚಿಟ್ಟಿರುವುದು ರೆಮಿಂಗ್ಟನ್ 700 ರೈಫಲ್. 1962ರಲ್ಲಿ ಬಂದ ಈ ಮಾದರಿ ತಯಾರಾಗುತ್ತಿದ್ದದ್ದು ಇದೇ ಕಣಿವೆಯ ಇಲಿಯನ್ ಊರಿನಲ್ಲಿ. ಆ ಕಾರ್ಖಾನೆ 2024ರಲ್ಲಿ ಬಾಗಿಲು ಹಾಕಿತು.

ಗುಂಡು ಮುಂದಕ್ಕೆ ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ಉಕ್ಕಿನಿಂದ ಮರದ ಸ್ಟಾಕಿಗೆ ದಾಟಿಸುವ ಚೂರೇ ರಿಕಾಯಿಲ್ ಲಗ್. ಜರ್ಮನಿಯ ಮೌಸರ್ 98ರಲ್ಲಿ ಅದು ರಿಸೀವರಿನದೇ, ಅಂದರೆ ನಳಿಗೆಯನ್ನು ಹಿಡಿದಿಡುವ ಉಕ್ಕಿನ ಒಡಲಿನದೇ ಅಂಗ. ರೆಮಿಂಗ್ಟನ್‌ನವರು ಖರ್ಚು ಇಳಿಸಲು ರಿಸೀವರನ್ನು ದುಂಡಗೆ ಕಡೆದು, ಲಗ್ಗನ್ನು ಬೇರೆ ತಟ್ಟೆಯಾಗಿ ಮಾಡಿ, ನಳಿಗೆಗೂ ರಿಸೀವರಿಗೂ ನಡುವೆ ಸಿಕ್ಕಿಸಿದರು. ಕಾರ್ಖಾನೆಯ ತಟ್ಟೆ ಸುಮಾರು 4.75 ಮಿ.ಮೀ. ದಪ್ಪ. ಈಗ ಹಾಕಲು ತಂದಿರುವುದು 6.35 ಮಿ.ಮೀ.ನದು; ಎರಡೂ ಮುಖ ಸಮಾನಾಂತರವಾಗಿ ಉಜ್ಜಿದ್ದು.

ತಟ್ಟೆ ದಪ್ಪವಾದಷ್ಟೂ ನಳಿಗೆ ಮುಂದೆ ಸರಿಯುತ್ತದೆ. ತೋಟೆಯ ಹಿಂದೆ ಜಾಗ ಹೆಚ್ಚಿದರೆ ಅದು ಒಡೆಯುವ ಅಪಾಯವಿದೆ. ಆದ್ದರಿಂದ ನಳಿಗೆಯ ಭುಜವನ್ನು ಲೇತಿನಲ್ಲಿ ಅಷ್ಟೇ ಕಡೆದು, ಗೇಜು ಹಾಕಿ ನೋಡಿಯಾಗಿದೆ. ಇದು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ.

ಉಳಿದದ್ದು ಸ್ಟಾಕ್. ಹಳೆಯ ಕಚ್ಚಿನಲ್ಲಿ ಹೊಸ ಲಗ್ ಇಳಿಯದು. ಕುಶಲಕರ್ಮಿ ಚೂಪಾದ ಉಳಿ ಹಿಡಿದು ಹೊಟ್ಟಿನಷ್ಟು ತೆಳ್ಳಗೆ ಕೆತ್ತುತ್ತಾನೆ, ಇಳಿಸಿ ನೋಡುತ್ತಾನೆ, ಮತ್ತೆ ಕೆತ್ತುತ್ತಾನೆ. ಲಗ್ಗಿನ ಸುತ್ತ ತುಂಬುವ ಎಪಾಕ್ಸಿ ಅಂಟಿಗೆ ಜಾಗ ಬೇಕಲ್ಲ, ಕಚ್ಚು ತುಸು ಸಡಿಲವೇ ಇರಲಿ. ಆಮೇಲೆ ಲಗ್ಗಿನ ಮುಂಭಾಗ, ಎರಡು ಪಕ್ಕ, ತಳಕ್ಕೆ ಒಂದೊಂದು ಪದರ ಟೇಪು. ಹಿಂಬದಿ ಮಾತ್ರ ಬರಿದು. ಇಡೀ ಕೆಲಸದ ಜೀವ ಇರುವುದು ಇಲ್ಲೇ: ಲಗ್ ಮರಕ್ಕೆ ಒರಗಬೇಕಾದದ್ದು ಬೆನ್ನಿನಿಂದ ಮಾತ್ರ. ತಳ ತಾಗಿದರೆ ಸ್ಕ್ರೂ ಬಿಗಿದಾಗ ರಿಸೀವರ್ ಅದರ ಮೇಲೇ ಕುಂತು ಅಲ್ಲಾಡುತ್ತದೆ.

ಸ್ಕ್ರೂ ತೂತುಗಳಿಗೂ ಟ್ರಿಗರಿನ ಕಿಂಡಿಗೂ ಮೆತ್ತನೆಯ ಜೇಡಿ ತುಂಬುತ್ತಾನೆ. ಉಕ್ಕಿಗೆಲ್ಲ ಮೇಣ ಸವರುತ್ತಾನೆ. ಮೇಣ ತಪ್ಪಿದ ಒಂದು ಮೂಲೆಯಿದ್ದರೂ ಉಕ್ಕು ಮರಕ್ಕೆ ಕಚ್ಚಿಬಿಡುತ್ತದೆ, ಬಿಡಿಸುವುದು ದೊಡ್ಡ ಪಾಡು. ಎಪಾಕ್ಸಿಯ ಎರಡು ಭಾಗಗಳನ್ನು ಬೆಣ್ಣೆಯ ಹದಕ್ಕೆ ಕಲಸಿ ಕಚ್ಚಿಗೆ ಮೆತ್ತುತ್ತಾನೆ, ಗಾಳಿಗುಳ್ಳೆ ಉಳಿಯದಂತೆ. ಉಕ್ಕನ್ನು ನೆಟ್ಟಗೆ ಒಳಗೆ ಒತ್ತಿದಾಗ ಅಂಚಿನಲ್ಲಿ ಬೂದುಬಣ್ಣದ ಅಂಟು ಉಕ್ಕಿ ಬರುತ್ತದೆ. ಆ ಉಕ್ಕುವಿಕೆ ಒಳ್ಳೆಯ ಲಕ್ಷಣ. ಒಳಗೆ ಪೊಳ್ಳಿಲ್ಲವೆಂದು ಅರ್ಥ. ಸ್ಕ್ರೂ ಬಿಗಿಯುವುದು ಹಗುರವಾಗಿ, ಮರ ಬಾಗದಷ್ಟೇ.

ಒಂದು ದಿನ ಮುಟ್ಟುವಂತಿಲ್ಲ. ಮರುದಿನ ರಬ್ಬರ್ ಸುತ್ತಿಗೆಯ ಒಂದೆರಡು ಏಟಿಗೆ ಟಕ್ಕೆಂದು ಬಿಡುತ್ತದೆ. ಟೇಪು ಕಿತ್ತರೆ ಲಗ್ಗಿನ ಮುಂದೆ, ಪಕ್ಕ, ಕೆಳಗೆ ಕೂದಲೆಳೆಯ ಸಂದು. ಹಿಂದೆ ಮಾತ್ರ ನುಣುಪಾದ ಗಟ್ಟಿ ಗೋಡೆ.

ದುಬಾರಿ ಲಗ್ ಕೊಂಡೊಡನೆ ಗುರಿ ನೆಟ್ಟಗಾಗುತ್ತದೆಂದು ನಂಬುವವರು ಬಹಳ. ನಾನು ನಂಬುವುದು ಈ ಗೋಡೆಯನ್ನು. ಪರೀಕ್ಷೆಯೂ ಸರಳ: ನಳಿಗೆಗೆ ಡಯಲ್ ಗೇಜ್ ತಾಗಿಸಿ ಮುಂದಿನ ಸ್ಕ್ರೂ ಸಡಿಲಿಸಬೇಕು. ಮುಳ್ಳು ಇಂಚಿನ ಸಾವಿರದಲ್ಲಿ ಒಂದೆರಡು ಪಾಲಿನೊಳಗೆ ನಿಂತರೆ ಕೆಲಸ ಪಾಸು. ಅದನ್ನು ದಾಟಿದರೆ ಅಂಟು ಕೆತ್ತಿ ತೆಗೆದು ಮತ್ತೆ ಮೊದಲಿನಿಂದ ಮಾಡಬೇಕು.